ಹೊಳೆ ದಾಟದ ಪ್ರೊಸೆಸರ್

ಸೆಪ್ಟೆಂಬರ್ 10, ಬುಧವಾರ

ಬೆಳಿಗ್ಗೆ ರಾಗಿ ಗಂಜಿ ಒಂದು ಲೋಟ. ಮಧ್ಯಾಹ್ನ ಜೋಳದ ರೊಟ್ಟಿ ಎರಡು, ಹೆಸರುಕಾಳು ಪಲ್ಯ. ಸಂಜೆ ಮಂಡಕ್ಕಿ ಒಂದು ಹಿಡಿ. ಹಿಡಿ ಸ್ವಲ್ಪ ದೊಡ್ಡದು.

ಇದನ್ನೆಲ್ಲ ಬರೆಯಬೇಕಂತೆ. ಸಕ್ಕರೆ ಕಾಯಿಲೆಯ ಡಾಕ್ಟರು, "ದಿನಾ ಏನ್ ತಿಂತೀರಿ ಬರೀರಿ ಹನುಮಂತಪ್ಪ. ನನಗೆ ತೋರಿಸೋದು ಬ್ಯಾಡ, ನಿಮಗೇ ನಾಚಿಕೆ ಆದ್ರೆ ಸಾಕು" ಅಂದರು. ಬರೆದೆ. ನಾಚಿಕೆಯೇನೂ ಆಗಲಿಲ್ಲ.

ತಿಂದದ್ದು ಮೂರು ಸಾಲಿಗೆ ಮುಗಿಯಿತು, ಪುಟ ಖಾಲಿ ಉಳಿಯಿತು. ಖಾಲಿ ಬಿಟ್ಟು ಹೊರಡುವುದು ನನ್ನ ಜಾಯಮಾನದಲ್ಲಿಲ್ಲ. ದಾವಣಗೆರೆಯಿಂದ ಹರಿಹರ ದಾಟಿ ರಾಣೆಬೆನ್ನೂರಿಗೆ ಮೂವತ್ತೊಂದು ವರ್ಷ ಪ್ರೈವೇಟ್ ಬಸ್ಸು ಓಡಿಸಿದವನು ನಾನು, ಟಾಪಿನ ಮೇಲೂ ಜನ ಹತ್ತಿಸಿಕೊಂಡೇ ಹೋಗಿದ್ದೇನೆ. ಆದ್ದರಿಂದ ಮಿಕ್ಕ ಜಾಗದಲ್ಲಿ ಬಸ್ಸಿನ ವಿಷಯ.

ಬಸ್ಸು ಇವತ್ತೂ ಹರಿಹರದ ಸೇತುವೆ ಮೇಲೆ ನಿಂತಿತು.

ನಿಜವಾದ ಬಸ್ಸಲ್ಲ. ಅದನ್ನು ಕಣ್ಣು ಮಂಜಾದ ಮೇಲೆ, ಎರಡು ವರ್ಷದ ಹಿಂದೆ ಬಿಟ್ಟೆ. ಮನೆಯಲ್ಲಿ ಕೂತು ಸುಮ್ಮನೆ ಕಾಲಲ್ಲಿ ಕ್ಲಚ್ಚು ಒತ್ತುತ್ತಿದ್ದೆನಂತೆ. ಅದನ್ನು ನೋಡಲಾರದೆ ನನ್ನ ಹೆಂಡತಿಯ ಅಣ್ಣನ ಮಗ ಚೌಡೇಶ, ತಾನು ಗೇಮ್ ಆಡಿ ಬಿಟ್ಟ ಹಳೇ ಕಂಪ್ಯೂಟರನ್ನು ಒಂದು ಆಟದ ಸ್ಟೇರಿಂಗ್, ಪೆಡಲುಗಳ ಸಮೇತ ತಂದು ಶಾಮನೂರಿನ ನಮ್ಮ ನಡುಮನೆಯಲ್ಲಿ ಇಟ್ಟ. ಅದರಲ್ಲಿ ಬಸ್ಸು ಓಡಿಸುವ ಆಟ. ಅವನ ಗೆಳೆಯನೊಬ್ಬ ನಮ್ಮದೇ ರಸ್ತೆಯನ್ನು ಅದರೊಳಗೆ ಕೂಡಿಸಿದ್ದಾನೆ, ಹಂಪು ಸಹ ಬಿಟ್ಟಿಲ್ಲ. ದಿನಾ ಸಂಜೆ ನಾಲ್ಕೂವರೆಗೆ ಒಂದು ಟ್ರಿಪ್ ಹೊಡೆಯುತ್ತೇನೆ. ಹರಿಹರದ ತನಕ ಬೆಣ್ಣೆಯ ಹಾಗೆ ಹೋಗುತ್ತದೆ. ಹೊಳೆ ಸೇತುವೆಗೆ ಗಾಲಿ ಇಟ್ಟ ಕೂಡಲೇ ಪರದೆ ಕಲ್ಲು. ಒಂದು ನಿಮಿಷ, ಒಮ್ಮೊಮ್ಮೆ ಎರಡು. ಆಮೇಲೆ ಕೆಮ್ಮಿಕೊಂಡು ಹೊರಡುತ್ತದೆ.

ಮೂವತ್ತೊಂದು ವರ್ಷದಲ್ಲಿ ನಾನು ಟೈಮ್ ತಪ್ಪಿಸಿದವನಲ್ಲ. ಈಗ ದಿನಾ ಲೇಟು.

ಸೆಪ್ಟೆಂಬರ್ 12, ಶುಕ್ರವಾರ

ಅವಲಕ್ಕಿ. ರೊಟ್ಟಿ. ಚೌಡೇಶ ತಂದ ಜಿಲೇಬಿ ಒಂದು. (ಎರಡು.)

ಚೌಡೇಶ ಕಂಪ್ಯೂಟರ್ ಮುಂದೆ ಅರ್ಧ ಗಂಟೆ ಕೂತು ತೀರ್ಪು ಕೊಟ್ಟ. "ಮಾವ, ಇದರ ಪ್ರೊಸೆಸರ್ ಮುದುಕ ಆಗೈತೆ. ಹನ್ನೊಂದು ವರ್ಷದ್ದು. ಸೇತುವೆ ಹತ್ರ ಲಾರಿ, ಹೊಳೆ, ಜನ ಎಲ್ಲಾನೂ ಒಟ್ಟಿಗೇ ಎಳೆಯಕ್ಕೆ ಅದಕ್ಕೆ ದಮ್ಮಿಲ್ಲ."

"ಅಂದ್ರೆ ಎಂಜಿನ್ನು."

"ಹ್ಞೂಂ, ಎಂಜಿನ್ನು ಅಂತ್ಲೇ ಅನ್ಕಳ್ರಿ."

ದಾರಿ ಎರಡಂತೆ. ಹಳೇ ಬೋರ್ಡಿಗೇ ಕೂರುವ, ಅದೇ ಕಾಲದ, ಆದರೆ ಹೆಚ್ಚು ತಾಕತ್ತಿನ ಸೆಕೆಂಡ್ ಹ್ಯಾಂಡ್ ಪ್ರೊಸೆಸರ್ ಹುಡುಕಿ ಹಾಕಿಸುವುದು ಒಂದು. ಹೊಚ್ಚ ಹೊಸದು ಹಾಕಿಸುವುದು ಇನ್ನೊಂದು. ಹೊಸದಾದರೆ ಬೋರ್ಡೂ ಹೊಸದಾಗಬೇಕು, ರ್‍ಯಾಮೂ ಹೊಸದಾಗಬೇಕು. ಎಂಜಿನ್ನು ಹೊಸದು, ಚಾಸಿ ಹೊಸದು ಅಂದಮೇಲೆ ಹಳೇದರಲ್ಲಿ ಉಳಿಯುವುದು ನಂಬರ್ ಪ್ಲೇಟು ಮಾತ್ರ. ಅದಕ್ಕೆ ರಿಪೇರಿ ಅನ್ನುತ್ತಾರೆಯೇ?

ಅಷ್ಟರಲ್ಲಿ ಅವನು ಇನ್ನೊಂದು ಬಾಂಬು ಹಾಕಿದ. ಅಕ್ಟೋಬರ್ ಹತ್ತೊಂಬತ್ತರ ಭಾನುವಾರ ದಾವಣಗೆರೆ, ಹರಿಹರದ ಆಟಗಾರರೆಲ್ಲ ಅವರವರ ಮನೆಯಿಂದಲೇ ಆನ್‌ಲೈನಿನಲ್ಲಿ ಸೇರಿ ಎಂಟು ಬಸ್ಸು ಸಾಲಾಗಿ ಓಡಿಸುತ್ತಾರಂತೆ. ಮುಂದಿನ ಬಸ್ಸು ನನ್ನದು. "ಅಸಲಿ ಡ್ರೈವರ್ ಬರ್ತಾರೆ, ಮಿನಿಟಿಗೆ ಮಿನಿಟು ಕರೆಕ್ಟಾಗಿ ಮುಟ್ಟಿಸ್ತಾರೆ ಅಂತ ಎಲ್ಲರಿಗೂ ಹೇಳೀನಿ ಮಾವ. ಮಾನ ಉಳಿಸ್ರಿ." ಸೇತುವೆ ಮೇಲೆ ನಾನು ನಿಂತರೆ ಹಿಂದಿನ ಏಳೂ ಬಂದು ನನ್ನ ಬೆನ್ನಿಗೆ ಗುದ್ದುತ್ತವೆ.

ಅಡುಗೆಮನೆಯಿಂದ ನಮ್ಮಾಕೆ ಹೊನ್ನಕ್ಕ ಕೂಗಿದಳು: "ನನ್ ಮಿಕ್ಸಿ ಎರಡು ವರ್ಷದಿಂದ ಕರಕರ ಅಂತೈತೆ, ಅದಕ್ಕೊಂದು ಬ್ಲೇಡ್ ಹಾಕ್ಸಾರಿಲ್ಲ. ಆ ಡಬ್ಬಿಗೆ ಎಂಜಿನ್ನಂತೆ, ಎಂಜಿನ್ನು!"

ಸ್ಟೇರಿಂಗ್ ಹಿಡಿದು ಕೂತೆ. ಓಡುವ ಬಸ್ಸಿನಲ್ಲಿ ಡ್ರೈವರನ ಜೊತೆ ಮಾತಾಡಬಾರದು.

ಸೆಪ್ಟೆಂಬರ್ 16, ಮಂಗಳವಾರ

ಬೆಣ್ಣೆ ದೋಸೆ ಎರಡು. ಪಂಚಾಕ್ಷರಪ್ಪನವರ ಒತ್ತಾಯ.

ಎಂಜಿನ್ ವಿಷಯದಲ್ಲಿ ತಿಳಿದವರನ್ನು ಕೇಳದೆ ಹೆಜ್ಜೆ ಇಡಬಾರದು. ಪಿ.ಜೆ. ಬಡಾವಣೆಗೆ ಹೋಗಿ ನನ್ನ ಹಳೇ ಬಸ್ಸಿನ ಮಾಲೀಕರಾದ ಪಂಚಾಕ್ಷರಪ್ಪನವರನ್ನು ಕಂಡೆ. ಎಂಬತ್ತರ ಹತ್ತಿರದ ಯಜಮಾನರು. ಈಗ ಅವರಿಗೆ ಒಂದೂ ಬಸ್ಸಿಲ್ಲ, ಆದರೂ ಬೆಳಿಗ್ಗೆ ಎದ್ದು ಕಿಟಕಿಯಲ್ಲಿ ಹೋಗುವ ಬಸ್ಸಿಗೆಲ್ಲ ಬೈಯುತ್ತಾರೆ.

"ಎಷ್ಟು ಕಿಲೋಮೀಟರ್ ಓಡೈತೆ?" ಅಂದರು.

"ಅದು ಮನೇಲೇ ಕೂತಿರ್ತೈತೆ ಯಜಮಾನ್ರೆ."

"ಕೂತಲ್ಲೇ ಎಂಜಿನ್ ಹೋಗೈತೆ ಅಂದ್ರೆ ನೀನು ಆಫ್ ಮಾಡ್ದೆ ಬಿಟ್ಟಿರ್ಬೇಕು. ನೋಡೋ ಹನುಮಂತ, ಎಂಜಿನ್ ಇಳಿಸೋಕಿಂತ ಮೊದ್ಲು ರೇಡಿಯೇಟರ್ ನೋಡು. ನೂರಕ್ಕೆ ತೊಂಬತ್ತು ಕಾಯಿಲೆ ಬಿಸಿಗೇ ಬರೋದು."

ಕಂಪ್ಯೂಟರಿನಲ್ಲಿ ನೀರೆಲ್ಲಿ ಬರಬೇಕು? ಪಾಪ, ವಯಸ್ಸಾಗಿದೆ. ತಲೆಯಾಡಿಸಿ ಎದ್ದು ಬಂದೆ.

ಸೆಪ್ಟೆಂಬರ್ 21, ಭಾನುವಾರ

ಅಮಾವಾಸ್ಯೆ ಅಡುಗೆ. ಎಷ್ಟು ಅಂತ ಬರೆಯುವುದಿಲ್ಲ.

ಸಂಜೆ ಟ್ರಿಪ್ ಹೊರಟು ಹರಿಹರ ಬಸ್‌ಸ್ಟ್ಯಾಂಡ್ ಮುಟ್ಟಿದ್ದೆ. ತೆಂಗಿನಕಾಯಿ ಸುಲಿದು ಕೊಡಲಿಲ್ಲ ಅಂತ ಬೈಯಲು ಬಂದ ನಮ್ಮಾಕೆ ಹಿಂದೆಯೇ ನಿಂತುಬಿಟ್ಟಳು. "ಇದೇನ್ರಿ, ನಮ್ ಹರಿಹರ ಅಲ್ಲೇನು?" ಅವಳ ತವರು ಹರಿಹರ.

"ಹೌದು. ಪಕ್ಕಕ್ಕೆ ಸರಿ, ಕನ್ನಡಿ ಕಾಣಲ್ಲ" ಅಂದೆ.

ಸರಿಯಲಿಲ್ಲ, ತಪ್ಪು ಹುಡುಕಿದಳು. ಹತ್ತುವವರೆಲ್ಲ ಒಂದೇ ಮುಖದವರು, ಒಬ್ಬಳೇ ಅವ್ವನ ಮಕ್ಕಳೇನು ಅಂದಳು. ಹರಿಹರೇಶ್ವರನ ಗುಡಿ ರಸ್ತೆಗೆ ಇಷ್ಟು ಹತ್ತಿರ ಇಲ್ಲ ಅಂದಳು. ಸೇತುವೆ ಬಂತು, ಬಸ್ಸು ನಿಂತಿತು. ನಾನು ಮೇಜು ಗುದ್ದಿ ಪ್ರೊಸೆಸರನ ಮೂರು ತಲೆಮಾರಿಗೆ ಬೈದೆ. ತಿರುಗಿ ನೋಡಿದರೆ ಇವಳು ಪರದೆಯ ಹೊಳೆಗೆ ಕೈ ಮುಗಿದು ನಿಂತಿದ್ದಾಳೆ.

"ನಿಂತಿದ್ದು ಚಲೋ ಆತು ಬಿಡ್ರಿ" ಅಂದಳು.

ಎಂಜಿನ್ ಕೆಟ್ಟರೆ ಚಲೋ ಅನ್ನುವ ಪ್ರಯಾಣಿಕರನ್ನು ನಾನು ಇದುವರೆಗೆ ಕಂಡಿರಲಿಲ್ಲ.

ಸೆಪ್ಟೆಂಬರ್ 24, ಬುಧವಾರ

ಗಂಜಿ, ರೊಟ್ಟಿ, ಸೌತೆಕಾಯಿ.

ನಮ್ಮಾಕೆ ಅಡುಗೆಮನೆಯ ಸ್ಟೂಲು ತಂದು ನನ್ನ ಎಡಕ್ಕೆ ಹಾಕಿಕೊಂಡಳು. ಲೇಡೀಸ್ ಸೀಟು ಆ ಕಡೆಯೇ ಅಂತೆ. ಯಾರೋ ಮುದುಕಿ ಕೈ ಅಡ್ಡ ಹಿಡಿದರೆ ಸ್ಟಾಪ್ ಇಲ್ಲದಿದ್ದರೂ ನಿಲ್ಲಿಸಬೇಕಂತೆ. ನಿಲ್ಲಿಸಿದೆ. ಸೇತುವೆ ಮೇಲೆ ಎರಡು ನಿಮಿಷ ಕಲ್ಲು. ಹೊಸದೊಂದು ಸದ್ದು ಬೇರೆ, ಒಳಗೆಲ್ಲೋ "ಟಿಣ್" ಅಂತು. ಎಂಜಿನ್ನಿನ ಟ್ಯಾಪೆಟ್ ಸಡಿಲವಾಗಿರಬೇಕು.

ಸೆಪ್ಟೆಂಬರ್ 27, ಶನಿವಾರ

ಮಂಡಕ್ಕಿ ಉಸುಳಿ, ಮೆಣಸಿನಕಾಯಿ ಬಜ್ಜಿ. ನಾವಿಬ್ಬರೂ ಟ್ರಿಪ್ಪಿನಲ್ಲೇ ತಿಂದೆವು.

ಇತ್ತೀಚೆಗೆ ನಮ್ಮಾಕೆ ನಾಲ್ಕು ಗಂಟೆಗೇ ಪಾತ್ರೆ ಮುಗಿಸಿ, ಮುಖ ತೊಳೆದು, ಮಲ್ಲಿಗೆ ಮುಡಿದು ಬಂದು ಕೂರುತ್ತಾಳೆ. ಆಮೇಲೆ ಎಲ್ಲಿಗೂ ಹೋಗುವುದಿಲ್ಲ. ಹಾಗಾದರೆ ಯಾಕೆ ಮುಡಿಯುತ್ತಾಳೋ ತಿಳಿಯದು. "ನಮ್ ಬಸ್ಸು ಎಷ್ಟೊತ್ತಿಗೆ ಬಿಡ್ತೈತೆ?" ಅಂತ ದಿನಾ ಕೇಳುತ್ತಾಳೆ, ಟೈಮು ಗೊತ್ತಿದ್ದರೂ.

ಟಿಣ್ ಸದ್ದು ದಿನಾ ಬರುತ್ತಿದೆ. ಸರಿಯಾಗಿ ಸೇತುವೆ ಮೇಲೆ ಮಾತ್ರ. ಪ್ರೊಸೆಸರ್ ಕೊನೆ ಉಸಿರು ಎಳೆಯುತ್ತಿದೆ. ನಿರ್ಧಾರ ಮಾಡಲೇಬೇಕು.

ಅಕ್ಟೋಬರ್ 1, ಬುಧವಾರ, ಆಯುಧ ಪೂಜೆ

ಹೋಳಿಗೆ. (ಹಬ್ಬದ ಲೆಕ್ಕ ಇಡಬಾರದು.)

ಮೂವತ್ತೊಂದು ವರ್ಷ ಬಸ್ಸಿಗೆ ಮಾಡಿದ ಪೂಜೆಯನ್ನು ಇದಕ್ಕೂ ಮಾಡಿದೆ. ಕಳೆದ ವರ್ಷ ಆಟದ ಸಾಮಾನು ಅಂತ ಬಿಟ್ಟಿದ್ದೆ, ಅದಕ್ಕೇ ಹೀಗಾಗಿರಬೇಕು. ಒದ್ದೆ ಬಟ್ಟೆಯಲ್ಲಿ ಒರೆಸಿ, ಚೆಂಡುಹೂವಿನ ಹಾರ ಹಾಕಿ, ಪೆಡಲುಗಳ ಕೆಳಗೆ ಒಂದೊಂದು ನಿಂಬೆಹಣ್ಣು ಇಟ್ಟು ತುಳಿದೆ. ಡಬ್ಬಿಯ ಮುಂದೆ ಗಾಳಿ ಎಳೆಯುವ ಜಾಲರಿಯ ಮೇಲೆ ಧಾರಾಳವಾಗಿ ಮೂರು ಬೆರಳು ವಿಭೂತಿ ಬಳಿದೆ. ಬಳಿಯುತ್ತಿದ್ದ ಹಾಗೇ ಡಬ್ಬಿ ಅದನ್ನು ಸುರ್ರನೆ ಒಳಗೆ ಎಳೆದುಕೊಂಡಿತು. ಮತ್ತೆ ಬಳಿದೆ, ಮತ್ತೆ ಎಳೆದುಕೊಂಡಿತು. ಇಷ್ಟು ಭಕ್ತಿ ಇರುವ ಯಂತ್ರವನ್ನು ನಾನು ನೋಡಿರಲಿಲ್ಲ.

ಬೂದುಗುಂಬಳವನ್ನು ಬಾಗಿಲಾಚೆ ಒಡೆದೆವು. ನಡುಮನೆಯಲ್ಲಿ ಒಡೆಯಲು ನಮ್ಮಾಕೆ ಬಿಡಲಿಲ್ಲ.

ಅಕ್ಟೋಬರ್ 3, ಶುಕ್ರವಾರ

ಸೇತುವೆ. ಟಿಣ್. ಸುಟ್ಟ ವಾಸನೆ. ಕತ್ತಲು.

ಊಟ ಸೇರಲಿಲ್ಲ.

ಅಕ್ಟೋಬರ್ 6, ಸೋಮವಾರ

ಡಬ್ಬಿಯನ್ನು ಆಟೋದಲ್ಲಿ ತೊಡೆ ಮೇಲೆ ಇಟ್ಟುಕೊಂಡು ಪಿ.ಜೆ. ಬಡಾವಣೆಯ ಸುಫಿಯಾನನ ಕಂಪ್ಯೂಟರ್ ಅಂಗಡಿಗೆ ಒಯ್ದೆ. ಚೌಡೇಶನ ಪರಿಚಯದವನು, ಕೆಲಸ ಬಲ್ಲವನು. ನಮ್ಮಾಕೆಯೂ ಬಂದಳು. ಯಾಕೆ ಅಂದರೆ, "ಸುಮ್ನೆ" ಅಂದಳು.

ಸುಫಿಯಾನ ಸ್ಕ್ರೂ ಬಿಚ್ಚಿ ಪಕ್ಕದ ಬಾಗಿಲು ತೆಗೆದ. ಮೊದಲು ಚೆಂಡುಹೂವಿನ ಎಸಳು ಆರಿಸಿ ಟೇಬಲ್ ಮೇಲೆ ಇಟ್ಟ. ಬ್ಲೋಯರ್ ಹಿಡಿದ ಕೂಡಲೇ ಅಂಗಡಿಯ ತುಂಬ ವಿಭೂತಿ ಹಾರಿ, ಕೀಬೋರ್ಡ್ ಕೊಳ್ಳಲು ಬಂದವರೊಬ್ಬರು ಮಠದಿಂದ ಬಂದವರ ಹಾಗೆ ಹೊರಗೆ ಹೋದರು. ಆಮೇಲೆ ಇಕ್ಕಳ ಹಾಕಿ ಒಂದೊಂದೇ ಎತ್ತಿದ. ಒಂದು ರೂಪಾಯಿ ನಾಣ್ಯ, ಹತ್ತು.

"ಅಂಕಲ್, ಇದು ಕಂಪ್ಯೂಟರಾ, ಹುಂಡಿನಾ?"

ನಾನು ನಮ್ಮಾಕೆಯ ಮುಖ ನೋಡಿದೆ. ಅವಳು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ಗದರಿಸಿದ ಮೇಲೆ ಬಾಯಿ ಬಿಟ್ಟಳು.

"ಹೊಳೆ ಬಂದ್ರೆ ದುಡ್ಡು ಹಾಕ್ಬೇಕಲ್ರಿ. ಡಬ್ಬಿ ಮ್ಯಾಲೆ ತೂತು ಇದ್ವು, ಹಾಕ್ದೆ. ಹೊಳಿ ಇರೋದು ಅದರೊಳಗೇ ತಾನೆ?"

ಸುಫಿಯಾನ ಬೆನ್ನು ತಿರುಗಿಸಿ ನಕ್ಕ. ಭುಜ ಅಲ್ಲಾಡುವುದು ಕಾಣುತ್ತಿತ್ತು.

"ಮದುವಿ ಆದ ಹೊಸದ್ರಾಗೆ ನಿಮ್ ಬಸ್ನಾಗೇ ರಾಣೆಬೆನ್ನೂರಿಗೆ ಹೋದ್ನಲ್ಲ, ಆವಾಗ ಹೊಳಿಗೆ ಅಂತ ನಾಣ್ಯ ಎಸೆದಿದ್ದೆ" ಅಂದಳು ನಮ್ಮಾಕೆ. "ನೀವು ಹಾರಿಸ್ಕೊಂಡು ಹೋದ್ರಿ. ಅದು ರಸ್ತೆ ಮ್ಯಾಲೆ ಬಿತ್ತು, ಹೊಳಿಗೆ ಬೀಳ್ಲೇ ಇಲ್ಲ. ಆಮ್ಯಾಲೆ ನಿಮ್ ಬಸ್ ಯಾವತ್ತು ನಿಂತಿತ್ತು ಹೇಳ್ರಿ?"

ಸೇತುವೆ ಮೇಲೆ ಟೈಮಿಂಗ್ ಬಸ್ಸು ನಿಲ್ಲಿಸಲು ಆಗುತ್ತದೆಯೇ? ಎರಡೇ ನಿಮಿಷಕ್ಕೆ ಹಿಂದಿನ ಗಾಡಿ ಬಂದು ಜನ ಎತ್ತಿಕೊಳ್ಳುತ್ತದೆ. ಹೇಳಿದರೆ ಇವಳಿಗೆ ಅರ್ಥವಾಗುವುದಿಲ್ಲ. ಬರುವಾಗ ಆಟೋದಲ್ಲಿ ಎದೆಯಲ್ಲಿ ಏನೋ ಚುಚ್ಚಿದ ಹಾಗಾಯಿತು. ನಿನ್ನೆಯ ಕಡಲೆಕಾಳು ಇರಬೇಕು. ಗ್ಯಾಸು.

ಅಕ್ಟೋಬರ್ 8, ಬುಧವಾರ

ಗಂಜಿ. ರೊಟ್ಟಿ. ಜಗಳ.

ಸುಫಿಯಾನ ಫೋನ್ ಮಾಡಿದ. ಪವರ್ ಕೊಡುವ ಭಾಗ ಮಾತ್ರ ಸುಟ್ಟಿತ್ತಂತೆ, ಬದಲಾಯಿಸಿದ. ಬೋರ್ಡು ಬದುಕಿದೆ. ಒಳಗೆ ಹನ್ನೊಂದು ವರ್ಷದ ಧೂಳು ಮೆತ್ತಿ ಬಿಸಿ ಹೊರಗೆ ಹೋಗುತ್ತಿರಲಿಲ್ಲ, ತೆಗೆದು ಬಿಸಿ ಎಳೆಯುವ ಹೊಸ ಪೇಸ್ಟು ಹಚ್ಚಿದ್ದಾನೆ. (ಪಂಚಾಕ್ಷರಪ್ಪನವರು ರೇಡಿಯೇಟರ್ ಅಂದದ್ದು ಇದನ್ನೇ. ಅವರಿಗೆ ಹೇಳುವುದಿಲ್ಲ, ಉಬ್ಬುತ್ತಾರೆ.) "ಆದ್ರೂ ಸೇತುವೆ ಹತ್ರ ಸ್ವಲ್ಪ ನಿಲ್ತೈತೆ ಅಂಕಲ್. ನಿಮ್ ಬೋರ್ಡಿಗೆ ಕೂಡೋ ದೊಡ್ಡ ಪ್ರೊಸೆಸರ್ ಒಂದು ಐತೆ, ಹರಿಹರದಾಗೆ ಮುಚ್ಚಿದ ನೆಟ್ ಸೆಂಟರಿಂದು. ಹಾಕ್ಲಾ? ನಾಳೆ ಒಳಗೆ ಹೇಳ್ರಿ."

ನಮ್ಮಾಕೆಗೆ ಖುಷಿಯಾದೀತು ಅಂತ ಹೇಳಿದರೆ, "ಬ್ಯಾಡ" ಅಂದಳು.

"ಮಿಕ್ಸಿಗೂ ಬ್ಲೇಡ್ ಹಾಕಿಸ್ತೀನಿ."

"ಮಿಕ್ಸಿ ಮಾತಲ್ಲ. ಇರೋದು ಚೆನ್ನಾಗೈತೆ. ಸ್ವಲ್ಪ ನಿಂತ್ರೆ ನಿಮ್ದೇನ್ ಗಂಟು ಹೋಗ್ತೈತೆ?"

"ಮಾನ ಹೋಗ್ತೈತೆ! ಹಿಂದೆ ಏಳು ಬಸ್ಸು ನಂಬ್ಕೊಂಡು ಬರ್ತಾವೆ!"

ಮಾತು ಬಿಟ್ಟಳು. ತಿಂಗಳ ಹಿಂದೆ ಡಬ್ಬಿ ಅಂತಿದ್ದವಳು ಈಗ ಅದನ್ನು ಮುಟ್ಟಬ್ಯಾಡ್ರಿ ಅಂತಾಳೆ. ಹೆಂಗಸರ ಎಂಜಿನ್ನು ಯಾವ ಕಂಪನಿಯದೋ, ಮ್ಯಾನ್ಯುಯಲ್ ಸಿಕ್ಕುವುದಿಲ್ಲ.

ಸುಫಿಯಾನನಿಗೆ ಹಾಕು ಅಂದೆ.

ಅಕ್ಟೋಬರ್ 11, ಶನಿವಾರ

ಡಬ್ಬಿ ಮನೆಗೆ ಬಂತು. ಹೊಸ ಎಂಜಿನ್ನಿಗೆ ಮೊದಲು ರನ್ನಿಂಗ್-ಇನ್ ಆಗಬೇಕು, ಎಳೆಯಬಾರದು. ಮೂವತ್ತರ ಮೇಲೆ ಹೋಗಲಿಲ್ಲ. ಹರಿಹರ ಮುಟ್ಟುವಷ್ಟರಲ್ಲಿ ಚಹಾ ಎರಡು ಸಲ ಕುಡಿದೆ. ಪ್ರೊಸೆಸರಿಗೆ ಅದೆಲ್ಲ ಬೇಕಿಲ್ಲ ಅಂತ ಚೌಡೇಶ ಫೋನಿನಲ್ಲಿ ಬಡಿದುಕೊಂಡ. ಅವನಿಗೇನು ಗೊತ್ತು, ಎಂಜಿನ್ ಸೀಜ್ ಆದರೆ ಅನುಭವಿಸುವವನು ನಾನು.

ಅಕ್ಟೋಬರ್ 13, ಸೋಮವಾರ

ಎರಡು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಉಪ್ಪು ಹಾಕಿರಲಿಲ್ಲ.

ಗೆದ್ದೆ! ಇವತ್ತು ಪೂರ್ತಿ ಎಳೆದೆ. ಸೇತುವೆ ಬಂತು, ಸೇತುವೆ ಹೋಯಿತು! ಒಂದು ಸಲವೂ ತಡವರಿಸಲಿಲ್ಲ. ರಾಣೆಬೆನ್ನೂರಿಗೆ ಒಂದು ನಿಮಿಷ ಮುಂಚೆಯೇ ಮುಟ್ಟಿದೆ. ಚಪ್ಪಾಳೆ ತಟ್ಟಿ ಎಡಕ್ಕೆ ತಿರುಗಿದರೆ ಸ್ಟೂಲು ಖಾಲಿ. ಸೇತುವೆ ದಾಟಿದ ಕೂಡಲೇ ನಮ್ಮಾಕೆ ಎದ್ದು ಹೋಗಿದ್ದಳು. ಒಲೆ ಮೇಲೆ ಏನೋ ಇತ್ತೇನೋ.

ಅಕ್ಟೋಬರ್ 15, ಬುಧವಾರ

ಟೈಮಿಗೆ ಸರಿಯಾಗಿ ಮುಟ್ಟಿದೆ. ಗಂಜಿ.

ಅಕ್ಟೋಬರ್ 16, ಗುರುವಾರ

ಟೈಮಿಗೆ ಸರಿಯಾಗಿ.

ಅಕ್ಟೋಬರ್ 17, ಶುಕ್ರವಾರ

ಟೈಮಿಗೆ ಸರಿಯಾಗಿ ಮುಟ್ಟಿದೆ. ಆದರೂ ಏನೋ ಸರಿಯಿಲ್ಲ. ಬಸ್ಸಿನಲ್ಲಿ ಮೊದಲಿನ ರುಚಿ ಇಲ್ಲ. ಹರಿಹರ ಬಂದರೆ ಬಂತು, ಹೋದರೆ ಹೋಯಿತು. ಸ್ಟೂಲು ಅಡುಗೆಮನೆಗೆ ವಾಪಸ್ ಹೋಗಿದೆ, ಅದರ ಮೇಲೆ ಈರುಳ್ಳಿ ಬುಟ್ಟಿ.

ಗ್ರಾಫಿಕ್ಸ್ ಕಾರ್ಡ್ ಹೋಗಿರಬೇಕು ಅನ್ನಿಸಿ ಸುಫಿಯಾನನಿಗೆ ಫೋನ್ ಮಾಡಿದೆ. "ಏನಾಗ್ತೈತೆ ಅಂಕಲ್?"

"ಎಡಗಡೆ ಖಾಲಿ ಖಾಲಿ ಕಾಣ್ತೈತಪ್ಪ."

"ಸ್ಕ್ರೀನಿನ ಎಡಗಡೆನಾ?"

ಸ್ಕ್ರೀನಿನದಲ್ಲ ಅಂತ ಹೇಳಲು ಹೋಗಿ, ಇವನಿಗೆ ಹೇಗೆ ಬಿಡಿಸಿ ಹೇಳುವುದು ಅಂತ ಫೋನ್ ಇಟ್ಟೆ. ಈಗಿನವರಿಗೆ ರಿಪೇರಿ ಬರುತ್ತದೆ, ರೋಗ ತಿಳಿಯುವುದಿಲ್ಲ.

ಅಕ್ಟೋಬರ್ 19, ಭಾನುವಾರ

ಏನು ತಿಂದೆನೋ ನೆನಪಿಲ್ಲ.

ಸಂಜೆ ಐದಕ್ಕೆ ಎಂಟು ಬಸ್ಸು ದಾವಣಗೆರೆಯಿಂದ ಬಿಟ್ಟವು. ಮುಂದೆ ನಾನು, ಕಿವಿಗೆ ಚೌಡೇಶ ಕೊಟ್ಟ ಹೆಡ್‌ಫೋನು. ಹಿಂದಿನವರೆಲ್ಲ ಅದರಲ್ಲಿ ಮಾತಾಡುತ್ತಿದ್ದರು. ಅಸಲಿ ಡ್ರೈವರ್ ಹೆಂಗೆ ಹೋಗ್ತಾರೆ ನೋಡ್ರಲೇ ಅಂತ ಒಬ್ಬ, ಹರಿಹರ ಸ್ಟ್ಯಾಂಡಿಗೆ ಒಂದು ಸೆಕೆಂಡ್ ಸಹ ತಪ್ಪಲಿಲ್ಲ ಅಂತ ಇನ್ನೊಬ್ಬ. ನಾನು ಹಿಗ್ಗಬೇಕಿತ್ತು. ನಮ್ಮಾಕೆ ಒಳಗೆ ದೀಪಾವಳಿಗೆ ಅಂತ ಹಿತ್ತಾಳೆ ಪಾತ್ರೆ ತಿಕ್ಕುತ್ತಿದ್ದಳು. ಹೆಡ್‌ಫೋನ್ ದಾಟಿ ಆ ಸದ್ದೇ ಕೇಳುತ್ತಿತ್ತು.

ಸೇತುವೆ ಬಂತು. ಎಂಜಿನ್ನು ಒಳ್ಳೆ ಗಾಳಿಯ ಹಾಗೆ ಎಳೆಯುತ್ತಿತ್ತು. ನಟ್ಟನಡುವೆ ಹೋದಾಗ ನನ್ನ ಕಾಲು ಬ್ರೇಕಿನ ಮೇಲಿತ್ತು. ನಾನು ಇಡಲಿಲ್ಲ, ಅದೇ ಹೋಯಿತು. ಹ್ಯಾಂಡ್‌ಬ್ರೇಕ್ ಎಳೆದು ಎಂಜಿನ್ ಆಫ್ ಮಾಡಿದೆ. ಹಿಂದೆ ಏಳು ಬಸ್ಸು ಕೀರ್ರ್ ಅಂದವು, ಎರಡು ಒಂದಕ್ಕೊಂದು ಮುತ್ತಿಟ್ಟವು. ಕಿವಿ ತುಂಬ ಹಾರ್ನು.

ಮೈಕಿಗೆ ಕೈ ಮುಚ್ಚಿ ಕೂಗಿದೆ: "ಏ, ಹೊಳೆ ಬಂತು ಬಾರೆ!"

ಹುಣಸೆಹಣ್ಣಿನ ಕೈಯಲ್ಲೇ ಓಡಿ ಬಂದಳು. ಬಾಗಿಲಲ್ಲೇ ನಿಂತು, "ನಿಂತೈತಾ?" ಅಂದಳು.

"ನಿಂತೈತೆ."

ಹತ್ತಿರ ಬಂದು ಪರದೆಯನ್ನು ದಿಟ್ಟಿಸಿ ನೋಡಿದಳು. "ಅಯ್ಯ! ಮೊದ್ಲು ನಿಂತಾಗ ನೀರೂ ನಿಂತಿರ್ತಿತ್ತು. ಈಗ ನೋಡ್ರಿ, ಬಸ್ಸು ನಿಂತೈತೆ, ಹೊಳಿ ಹರೀತೈತೆ!" ನಿಜ. ನಾನೂ ಇವತ್ತೇ ನೋಡಿದ್ದು. ಮೂವತ್ತೊಂದು ವರ್ಷ ಅದರ ಮೇಲೆ ಓಡಾಡಿದೆ, ಆದರೆ ಹೊಳೆ ಯಾವ ಕಡೆಗೆ ಹರಿಯುತ್ತದೆ ಅಂತ ಕೇಳಿದ್ದರೆ ನನಗೆ ಹೇಳಲು ಬರುತ್ತಿರಲಿಲ್ಲ. ನಮ್ಮಾಕೆ ಹುಣಸೆಹಣ್ಣಿನ ಕೈ ಜೋಡಿಸಿ ಕಣ್ಣು ಮುಚ್ಚಿದಳು.

ಕಿವಿಯಲ್ಲಿ ಚೌಡೇಶ ಅರಚುತ್ತಿದ್ದ. "ಮಾವ! ಹೊಸ ಪ್ರೊಸೆಸರ್ ಹಾಕ್ಸೀರಲ್ಲ, ಮತ್ಯಾಕೆ ನಿಂತೈತೆ?"

"ಏನ್ಮಾಡ್ಲಪ್ಪ, ಹ್ಯಾಂಗ್ ಆಗೈತೆ" ಅಂದೆ. "ಏನ್ ಹಾಕ್ಸಿದ್ರೂ ಈ ಸೇತುವೆ ಮ್ಯಾಲೆ ಅದು ನಿಲ್ಲೋದೇ. ಎಲ್ಲರಿಗೂ ಕಾಯಾಕ್ ಹೇಳು."

ಕಾದರು. ಒಂದು ನಿಮಿಷ, ಎರಡು, ನಾಲ್ಕಾಯಿತು. ನಾನು ಗಡಿಯಾರ ನೋಡಿದ್ದು ಅಷ್ಟೇ, ಸ್ಟೇರಿಂಗ್ ಮುಟ್ಟಲಿಲ್ಲ. ಕೊನೆಗೆ ನಮ್ಮಾಕೆ ಕಣ್ಣು ತೆಗೆದು, ಸೆರಗಿಗೆ ಕೈ ಒರೆಸಿ, ಒಳಗೆ ಹೋಗಿ ಈರುಳ್ಳಿ ಬುಟ್ಟಿ ಕೆಳಗಿಟ್ಟು ಸ್ಟೂಲು ಎಳೆದು ತಂದು ನನ್ನ ಎಡಕ್ಕೆ ಕೂತಳು.

"ಹ್ಞೂಂ, ರೈಟ್" ಅಂದಳು.

ಆಮೇಲೆ ಬಸ್ಸು ಬಿಟ್ಟೆ.